ಶಿಕ್ಷೆಯ ಹಿಯರಿಂಗ್‌ನಲ್ಲಿ ಒಂದು ಹಾಳೆ: ನನ್ನ ಅನುಭವ

"ಕೇಸು ಸೋತ ಮೇಲೆ ಇನ್ನೇನು ವಾದ ಮಾರಾಯ?" ಅಂತ ವಿರಾಜಪೇಟೆಯಲ್ಲಿ ಜೊತೆಯ ವಕೀಲರು ನಗುತ್ತಿದ್ದರು. ಆರೋಪಿ ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ ಕೋರ್ಟು ಶಿಕ್ಷೆಯ ಬಗ್ಗೆ ಕೇಳಿದಾಗ "ಬಡವ, ಹೆಂಡತಿ ಮಕ್ಕಳಿದ್ದಾರೆ" ಅಂದು ಕೂತುಬಿಡುವುದೇ ನಮ್ಮಲ್ಲಿ ರೂಢಿ. ನಾನು ಆ ವಾದವನ್ನು ಒಂದು ಹಾಳೆಯ ಮೆಮೊ ಮಾಡಿ ಬರೆದೇ ಕೊಡಲು ಶುರು ಮಾಡಿದೆ. ಬಹಳ ಕಾಲ ಏನೂ ಗಿಟ್ಟಲಿಲ್ಲ. ಒಬ್ಬನಿಗೆ ಆರು ತಿಂಗಳು, ಇನ್ನೊಬ್ಬನಿಗೆ ಒಂದು ವರ್ಷ. ಮೆಮೊ ಫೈಲಿನಲ್ಲೇ ಉಳಿಯಿತು. ಜೆರಾಕ್ಸ್, ಅಫಿಡವಿಟ್, ಮಡಿಕೇರಿಗೆ ಓಡಾಡಿದ ಪೆಟ್ರೋಲ್ ಸೇರಿ ಕೇಸಿಗೆ 2,000ದಷ್ಟು ನನ್ನ ಜೇಬಿನಿಂದಲೇ ಹೋಯಿತು. ಎಸ್ಟೇಟಿನ ಲೈನ್ ಮನೆಯಲ್ಲಿರುವ ಕೂಲಿ ಕಕ್ಷಿದಾರ ಎಲ್ಲಿಂದ ತಂದಾನು?

ಕೊನೆಗೆ ಕೈಹಿಡಿದದ್ದು ಒಂದು ಕಾಫಿ ಕಳವಿನ ಕೇಸು. ಚಾರ್ಜ್‌ಶೀಟಿನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 305, ಅಂದರೆ ಗೋಡೌನಿನಿಂದ ಕಳವು, ಏಳು ವರ್ಷದವರೆಗೆ. ಮಹಜರಿನಲ್ಲಿ ಮಾತ್ರ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಇದ್ದದ್ದು ಕಟ್ಟಡದೊಳಗಲ್ಲ, ಕಣದ ಅಂಚಿನಲ್ಲಿ, ಟಾರ್ಪಾಲಿನ ಕೆಳಗೆ. ಹಾಗಾಗಿ ಶಿಕ್ಷೆ 303(2)ಕ್ಕೆ, ಅಂದರೆ ಸಾಮಾನ್ಯ ಕಳವಿಗೆ ಇಳಿಯಿತು, ಮೂರು ವರ್ಷದವರೆಗೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಹೇಗೂ ಮೂರು ವರ್ಷ, 50,000 ದಂಡ ದಾಟುವಂತಿಲ್ಲ. ಆದರೂ ದೊಡ್ಡ ಕಲಂ ಎದುರಿಗಿದ್ದರೆ ಶಿಕ್ಷೆ ಬರೆಯುವ ಕೈ ಮೇಲಕ್ಕೇ ಹೋಗುತ್ತದೆ, ಅಲ್ವಾ?

ಆಮೇಲೆ ನನ್ನ ಹಾಳೆ. ಜಾಮೀನಿಗೆ ಜನ ಸಿಗದೆ ನನ್ನ ಕಕ್ಷಿದಾರ ನಾಲ್ಕು ತಿಂಗಳ ಹತ್ತಿರ ಒಳಗಿದ್ದ. ಅದನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ, ಇದೇ ಸೆಟ್-ಆಫ್. ಆದರೆ ದಂಡ ಕಟ್ಟದಿದ್ದಕ್ಕೆ ಅನುಭವಿಸುವ ಸಜೆಗೆ ಈ ಸೆಟ್-ಆಫ್ ಸಿಗುವುದಿಲ್ಲ. ಜಾಸ್ತಿ ಜನ ಮರೆಯುವುದು ಇದನ್ನೇ. 303(2)ರಲ್ಲಿ ಆ ಸಜೆ ಗರಿಷ್ಠದ ಕಾಲು ಭಾಗ, ಅಂದರೆ ಒಂಬತ್ತು ತಿಂಗಳವರೆಗೂ ಹೋಗಬಹುದು. ಕೂಲಿ ದಿನಕ್ಕೆ ಹೆಚ್ಚುಕಡಿಮೆ 500. 10,000 ದಂಡ ಅಂದರೆ ಇಪ್ಪತ್ತು ದಿನದ ದುಡಿಮೆ. ಮೇಸ್ತ್ರಿಯ ಹಾಜರಿ ಪುಸ್ತಕದ ಪ್ರತಿ ಲಗತ್ತಿಸಿದೆ. ಹಾಳೆಯಲ್ಲಿ ಯಾವುದನ್ನು ಮೊದಲು ಬರೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಆದೇಶ ಬಂತು: ಒಳಗೆ ಕಳೆದಷ್ಟೇ ಶಿಕ್ಷೆ, ದಂಡ 3,000. ಅವನ ಭಾವ ಅಲ್ಲೇ ಕಟ್ಟಿದ. ಪೂರ್ತಿ ಇಲ್ಲದಿದ್ದರೂ ಕಟ್ಟಿದಷ್ಟಕ್ಕೆ ತಕ್ಕಂತೆ ಸಜೆ ಕಡಿಮೆಯಾಗುತ್ತದೆ. ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಇನ್ನೊಂದು ಕೇಸಿನಲ್ಲಿ ಸಮುದಾಯ ಸೇವೆಯನ್ನೂ (ಜೈಲಿನ ಬದಲು ಸಂಬಳವಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡುವ ಶಿಕ್ಷೆ) ಕೇಳಿ ನೋಡಿದೆ. ಮೊದಲ ಸಲದ ಕಳವು, ಮಾಲು ವಾಪಸ್ ಆಗಿದೆ, ಬೆಲೆ 5,000ಕ್ಕಿಂತ ಕಡಿಮೆ ಅಂದರೆ ಅದನ್ನೇ ಕೊಡಬೇಕು. ಕಾಫಿ ರೇಟು ಏರಿ ಕೆಡಿಸಿತು, ಈಗ ಒಂದೇ ಮೂಟೆ ಚೆರಿ ಆ ಮಿತಿ ದಾಟುತ್ತದೆ. ಕರಿಮೆಣಸಿನ ಕೇಸು ಬರಲಿ, ಐದಾರು ಕೆಜಿಯೊಳಗಿದ್ದರೆ ಮತ್ತೆ ಕೇಳುತ್ತೇನೆ.