ಹೊರಗಿನವರ ಪತ್ರ ಬಂದಾಗ ಆಡಳಿತ ಮಂಡಳಿ ಮಾಡಬೇಕಾದ ಕೆಲಸ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘವಿರಲಿ, ಬಡಾವಣೆಯಲ್ಲಿ ಶಾಲೆ ನಡೆಸುವ ಟ್ರಸ್ಟ್ ಇರಲಿ, ಹೊರಗಿನಿಂದ ಬಂದ ಪತ್ರದ ಕೆಲಸ ಕೆಡುವುದು ಹೆಚ್ಚಾಗಿ ಮೊದಲ ದಿನವೇ. ಗೇಟಿನಲ್ಲಿ ಸೆಕ್ಯೂರಿಟಿಯವರು ಸಹಿ ಹಾಕಿ ಲಕೋಟೆ ಇಸಿದುಕೊಳ್ಳುತ್ತಾರೆ, ಡ್ರಾಯರಿಗೆ ಹಾಕುತ್ತಾರೆ, ಪಾಳಿ ಬದಲಾಗುತ್ತದೆ. ಕಳಿಸಿದವರ ಲೆಕ್ಕದಲ್ಲಿ ಪತ್ರ ತಲುಪಿಯಾಯಿತು, ಗಡುವು ಓಡುತ್ತಿದೆ.

ಆದ್ದರಿಂದ ಮೊದಲು ಒಂದು ಇನ್‌ವರ್ಡ್ ರಿಜಿಸ್ಟರ್ ಇಡಿ. ಕ್ರಮಸಂಖ್ಯೆ, ಪತ್ರದ ಮೇಲಿನ ದಿನಾಂಕ, ಕೈಸೇರಿದ ದಿನಾಂಕ, ಕಳಿಸಿದವರು, ವಿಷಯ, ಉತ್ತರದ ಗಡುವು, ಯಾರಿಗೆ ವಹಿಸಿದೆ, ನಮ್ಮ ಉತ್ತರದ ಔಟ್‌ವರ್ಡ್ ಸಂಖ್ಯೆ: ಇಷ್ಟು ಕಾಲಂ ಸಾಕು. ದಿನಾಂಕಗಳು ಎರಡೂ ಬೇಕು. 3ನೇ ತಾರೀಖಿನ ಪತ್ರ 14ಕ್ಕೆ ಕೈಸೇರುವುದು ಅಪರೂಪವಲ್ಲ. ಲಕೋಟೆ ಬಿಸಾಡಬೇಡಿ, ಪತ್ರದ ಹಿಂದೆ ಪಿನ್ ಮಾಡಿ; ಅಂಚೆ ಮುದ್ರೆಯೇ ಸಾಕ್ಷಿ. ಅಧ್ಯಕ್ಷರ ಸ್ವಂತ ಇಮೇಲಿಗೋ ವಾಟ್ಸ್ಆ್ಯಪ್‌ಗೋ ಬಂದದ್ದಕ್ಕೂ ಇದೇ ಪುಸ್ತಕದಲ್ಲಿ ಸಂಖ್ಯೆ ಬೀಳಬೇಕು.

ಲಾಯರ್ ನೋಟಿಸ್ ಎಂದು ಗೊತ್ತಾದ ಕೂಡಲೇ ‘ಬೇಡ’ ಎಂದು ವಾಪಸ್ ಕಳಿಸುವ ಚಾಳಿ ಕೆಲವರಿಗಿದೆ. ಸರಿಯಾದ ವಿಳಾಸಕ್ಕೆ ಬಂದದ್ದನ್ನು ನಿರಾಕರಿಸಿದರೆ ತಲುಪಿದಂತೆಯೇ ಎಂದು ಕೋರ್ಟು ಹಿಡಿಯುತ್ತದೆ. ಒಳಗೇನಿತ್ತು ಎಂಬುದು ಮಾತ್ರ ನಿಮಗೆ ತಿಳಿಯದೆ ಹೋಗುತ್ತದೆ.

ಅದೇ ದಿನ, ತಪ್ಪಿದರೆ ಮರುದಿನ, ಕಾರ್ಯದರ್ಶಿ ಗಡುವು ನೋಡಿ ಪತ್ರಗಳನ್ನು ಬೇರ್ಪಡಿಸಬೇಕು. ಚೆಕ್ ಬೌನ್ಸ್ ಆದ ಬಗ್ಗೆ ನೋಟಿಸ್ ಬಂದರೆ ಹಣ ಕಟ್ಟಲು ಸಿಗುವುದು ಕೈಸೇರಿದ ದಿನದಿಂದ 15 ದಿನ. ತಿಂಗಳಿಗೊಮ್ಮೆ ಸಭೆ ಸೇರುವ ಮಂಡಳಿಗೆ ಇದು ನಿಲುಕುವುದಿಲ್ಲ. ಗಡುವಿರುವ ಪತ್ರಗಳಿಗೆ ಕಾರ್ಯದರ್ಶಿ ಮತ್ತು ಇನ್ನೊಬ್ಬ ಪದಾಧಿಕಾರಿ ಸೇರಿ ಕ್ರಮ ಕೈಗೊಳ್ಳಬಹುದು, ಮುಂದಿನ ಸಭೆಯಲ್ಲಿ ಸ್ಥಿರೀಕರಣ ಪಡೆಯಬೇಕು ಎಂದು ಈಗಲೇ ಒಂದು ನಿರ್ಣಯ ಮಾಡಿಟ್ಟುಕೊಳ್ಳಿ. ನಿಮ್ಮ ಬೈಲಾ ಇದಕ್ಕೆ ಅಡ್ಡಬರುವುದಿಲ್ಲ ಎಂದು ಮೊದಲು ನೋಡಿಕೊಳ್ಳಿ.

ರಾಜ್ಯ ಸರ್ಕಾರದ ಕಚೇರಿಗಳ ಪತ್ರ ಸಾಮಾನ್ಯವಾಗಿ ಬರುವುದು ಕನ್ನಡದಲ್ಲಿ, ಅದೂ ಕಚೇರಿ ಕನ್ನಡದಲ್ಲಿ. ಸಮಿತಿಯಲ್ಲಿ ಕನ್ನಡ ಓದುವವರಿಲ್ಲದ ಅಪಾರ್ಟ್‌ಮೆಂಟುಗಳಲ್ಲಿ ಅದು ವಾರಗಟ್ಟಲೆ ಮೇಜಿನ ಮೇಲಿರುತ್ತದೆ. ಬಲ್ಲವರನ್ನು ಕರೆದು ಕೊನೆಯ ಪ್ಯಾರಾವನ್ನೇ ಮೊದಲು ಓದಿಸಿ; ‘ಈ ನೋಟಿಸು ತಲುಪಿದ ಇಂತಿಷ್ಟು ದಿನದೊಳಗೆ’ ಎಂಬ ಸಾಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಉತ್ತರ ಬರೆಯುವಾಗ ಹಳೇ ಫೈಲಿನ ವಿಳಾಸ ನಕಲು ಮಾಡದೆ, ಸಹಿ ಹಾಕಿದ ಅಧಿಕಾರಿಯ ಹುದ್ದೆ, ಕಚೇರಿ ಮತ್ತು ಪತ್ರದ ಸಂಖ್ಯೆಯನ್ನೇ ಉಲ್ಲೇಖಿಸಿ.

ಲೈಂಗಿಕ ಕಿರುಕುಳದ ದೂರನ್ನು ಮಂಡಳಿಯ ಸಭೆಯಲ್ಲಿ ಓದಲೇಬಾರದು. ಕೆಲಸದ ಸ್ಥಳದಲ್ಲಿ ಇಂಥ ಕಿರುಕುಳ ತಡೆಯುವ 2013ರ ಕಾಯ್ದೆ ಗೋಪ್ಯತೆ ಕೇಳುತ್ತದೆ. ಅದು ಹೋಗಬೇಕಾದ್ದು ಇಂಥ ದೂರು ವಿಚಾರಿಸಲೆಂದೇ ಸಂಸ್ಥೆಯೊಳಗೆ ಇರುವ ಆಂತರಿಕ ಸಮಿತಿಗೆ. ಹತ್ತಕ್ಕಿಂತ ಕಡಿಮೆ ನೌಕರರಿದ್ದು ಆ ಸಮಿತಿ ಇಲ್ಲದಿದ್ದರೆ, ಅಥವಾ ದೂರು ಉದ್ಯೋಗದಾತರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಹೌಸ್‌ಕೀಪಿಂಗ್ ಹೆಂಗಸು ಕಾಗದದ ಚೂರಿನಲ್ಲಿ ಬರೆದುಕೊಟ್ಟರೂ ಅಷ್ಟೇ.

ಪದಾಧಿಕಾರಿಯ ಮೇಲೆಯೇ ದೂರಿದ್ದರೆ ಉತ್ತರದ ಕರಡನ್ನು ಅವರು ಬರೆಯಬಾರದು, ಚರ್ಚೆಯ ಹೊತ್ತಿಗೆ ಹೊರಗಿರಬೇಕು, ಹಾಗಿದ್ದರೆಂದು ನಡಾವಳಿಯಲ್ಲಿ ದಾಖಲಾಗಬೇಕು. ಹೆಸರು ಹಾಕದೆ ಬರೆದ ಮೂಕರ್ಜಿಗೆ ಒಂದೇ ಪರೀಕ್ಷೆ: ಬಿಲ್ ನಂಬರು, ತಾರೀಖು, ಮೊತ್ತ, ಇಂಥ ತಾಳೆ ನೋಡಬಹುದಾದ ಏನಾದರೂ ಇದೆಯೇ? ಇದ್ದರೆ ನೋಡಿ, ಇಲ್ಲದಿದ್ದರೆ ಕಡತಕ್ಕೆ ಹಾಕಿ. ಬರೆದವರು ಯಾರೆಂದು ಅಕ್ಷರ ಹೋಲಿಸುತ್ತ ಕೂತ ಸಮಿತಿಗಳು ಬಿಲ್ ನೋಡುವುದನ್ನೇ ಮರೆಯುತ್ತವೆ. ಚಂದಾ, ಹಾಲ್ ಬಾಡಿಗೆ, ಜಾಹೀರಾತು ಕೇಳುವವರಿಗೆ ಕಾರ್ಯದರ್ಶಿಯೇ ಉತ್ತರಿಸಲಿ.

ವಾರದೊಳಗೆ ಒಂದು ಸ್ವೀಕೃತಿ ಕಳಿಸಿ: ‘ತಮ್ಮ ದಿನಾಂಕ 3ರ ಪತ್ರ ತಲುಪಿದೆ, ನಮ್ಮ ಇನ್‌ವರ್ಡ್ ಸಂಖ್ಯೆ 47. ಇದನ್ನು 28ರ ಸಭೆಯ ಮುಂದಿಡಲಾಗುವುದು. ಈ ಸ್ವೀಕೃತಿಯನ್ನು ತಮ್ಮ ಬೇಡಿಕೆಗೆ ಒಪ್ಪಿಗೆ ಎಂದು ಭಾವಿಸಬಾರದು.’ ಇದಕ್ಕಿಂತ ಒಂದು ವಾಕ್ಯ ಹೆಚ್ಚು ಬೇಡ. ಲಾಯರ್ ನೋಟಿಸಿಗೆ ಇಷ್ಟನ್ನೂ ನಿಮ್ಮ ವಕೀಲರ ಕಣ್ಣಿಗೆ ಬೀಳದೆ ಕಳಿಸಬೇಡಿ.

ಸಭೆಯಲ್ಲಿ ‘ಪತ್ರವ್ಯವಹಾರ’ವನ್ನು ಕಾರ್ಯಸೂಚಿಯ ಕೊನೆಗೆ ಹಾಕಿದರೆ ಎಲ್ಲರೂ ಕಾಫಿಗೆ ಎದ್ದಿರುತ್ತಾರೆ. ಲೆಕ್ಕಪತ್ರಕ್ಕಿಂತ ಮೊದಲು ಇಡಿ. ಪ್ರತಿ ಪತ್ರಕ್ಕೂ ಏನು ನಿರ್ಣಯ, ಯಾರು ಬರೆಯುತ್ತಾರೆ, ಯಾವ ದಿನದೊಳಗೆ ಎಂಬುದು ನಡಾವಳಿ ಪುಸ್ತಕದಲ್ಲಿ ಬರಲಿ. ಅಲ್ಲಿಯವರೆಗೆ ಯಾವ ಸದಸ್ಯರೂ ಪತ್ರದ ಫೋಟೋ ತೆಗೆದು ನಿವಾಸಿಗಳ ಗ್ರೂಪಿಗೆ ಹಾಕಬಾರದು. ‘ಸರಿ ಮಾಡಿಸ್ತೀವಿ ಬಿಡಿ’ ಎಂದು ಒಬ್ಬರು ಅಲ್ಲಿ ಟೈಪ್ ಮಾಡಿದ್ದನ್ನು ನಾಳೆ ಸಂಘದ ಮಾತೆಂದೇ ತೋರಿಸುತ್ತಾರೆ.

ಉತ್ತರಕ್ಕೆ ಔಟ್‌ವರ್ಡ್ ಸಂಖ್ಯೆ ಹಾಕಿ, ಸಹಿ ಮಾಡಿದ ಪ್ರತಿಯೊಂದನ್ನು ಕಡತದಲ್ಲಿಟ್ಟು ಸ್ಪೀಡ್ ಪೋಸ್ಟ್ ಮಾಡಿ. ಕಚೇರಿಗೆ ಕೈಯಾರೆ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಅಂಚೆ ರಸೀದಿಯನ್ನು ಅವತ್ತೇ ಜೆರಾಕ್ಸ್ ಮಾಡಿಸಿ ಅಂಟಿಸಿ. ಕೆಲವೇ ತಿಂಗಳಲ್ಲಿ ಅದರ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯುವುದುಂಟು.