ಸೋಲಾರ್ ಹಾಕಿಸುವ ಮುಂಚೆ ನೆರಳು ನೋಡಿ

ತಾರಸಿ ಮೇಲೆ ಸೋಲಾರ್ ಹಾಕಿಸೋಕೆ ಹೊರಟಿದ್ದೀರಾ? ದರ ಕೇಳುವ ಮುಂಚೆ ಒಂದು ದಿನ ಮೇಲೆ ಹತ್ತಿ ನೆರಳು ನೋಡಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ. ನಮ್ಮಲ್ಲಿ ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್‌ನ ಮೂಲೆಗೆ ಬೀಳುತ್ತಿತ್ತು, ಅಷ್ಟೇ. ಆದರೆ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸಾಲಾಗಿ ಜೋಡಿಸಿರುತ್ತಾರಲ್ವಾ, ಇಡೀ ಸಾಲಿನ ಯೂನಿಟ್ ಕಮ್ಮಿ ಆಯ್ತು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ನೆರಳು ಇನ್ನೂ ಉದ್ದ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಧೂಳು ತೊಳೆಯುವುದು ಬಿಸಿಲೇರುವ ಮುಂಚೆಯೇ ಆಗಲಿ. ಬೋರ್‌ವೆಲ್ ನೀರು ಹಾಗೇ ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿಬಿಡಿ.

ಇನ್ನೊಂದು ಮಾತು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ (ಅಂದರೆ ಕರೆಂಟ್ ಲೈನ್‌ಗೆ ಜೋಡಿಸಿದ್ದು), ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ರಿಪೇರಿ ಮಾಡುವಾಗ ನಿಮ್ಮ ಸೋಲಾರ್ ಕರೆಂಟ್ ಲೈನ್‌ಗೆ ಹರಿಯದಂತೆ ಲೈನ್‌ಮನ್ ಜೀವ ಕಾಪಾಡುವ ವ್ಯವಸ್ಥೆ ಅದು, ದೋಷವಲ್ಲ.