ಗಿರ್ಮಿಟ್ ಪಾರ್ಸಲ್ ತರುವವರಿಗೆ ಒಂದು ಮಾತು

ಸಂಜೆ ಕೆಲಸ ಮುಗಿಸಿ ಧಾರವಾಡಕ್ಕೆ ಹೊರಡುವಾಗ ಹುಬ್ಬಳ್ಳಿಯಲ್ಲೇ ಗಿರ್ಮಿಟ್, ಅಂದರೆ ಒಗ್ಗರಣೆ ಹಾಕಿ ಕಲಸಿದ ಚುರುಮುರಿ, ಕಟ್ಟಿಸಿಕೊಳ್ಳುತ್ತೇನೆ. ಸುಮಾರು 20 ಕಿಲೋಮೀಟರ್ ದಾರಿ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಚುರುಮುರಿ ಮೆತ್ತಗೆ ಮುದ್ದೆ! ಸಣ್ಣ ವಿಷಯವೇ. ಆದರೂ ದಿನವಿಡೀ ಕಾದ ಬಾಯಿಗೆ ಬೇಜಾರು ಅಲ್ವಾ?

ಈಗ ಮೊದಲೇ ಹೇಳುತ್ತೇನೆ: "ಅಣ್ಣಾರ, ಕಲಸಬ್ಯಾಡ್ರಿ, ಬ್ಯಾರೆ ಬ್ಯಾರೆ ಕಟ್ರಿ." ಚುರುಮುರಿ ಒಂದು ಕಡೆ, ಉಳ್ಳಾಗಡ್ಡಿ-ಹುಣಸೆಹುಳಿಯ ಒಗ್ಗರಣೆ ಇನ್ನೊಂದು ಕಡೆ, ಪುಟಾಣಿ (ಹುರಿಗಡಲೆ) ಹಿಟ್ಟು ಪುಟ್ಟ ಪೊಟ್ಟಣದಲ್ಲಿ. ಜೊತೆಗೆ ಮಿರ್ಚಿ ಭಜಿ ತಂದರೆ ಚೀಲದ ಬಾಯಿ ಕಟ್ಟಿಸಬೇಡಿ, ಹಬೆಗೆ ಅದೂ ಮೆತ್ತಗಾಗುತ್ತೆ. ಮಳೆಗಾಲದಲ್ಲಿ ಚುರುಮುರಿಯನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ.

ಎಲ್ಲರೂ ಕೂತ ಮೇಲಷ್ಟೇ ಕಲಸಿ. ಹಿಟ್ಟು ಕೊನೆಗೆ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ನಮ್ಮವ್ವನಿಗೆ ಬಾಯಲ್ಲಿ ಕರುಂಕುರುಂ ಅಂದರೇನೇ ಸಮಾಧಾನ. ನಿನ್ನೆ ತಟ್ಟೆ ಬಳಿದು ತಿಂದಳು.